ಷಡ್ಡಕರ ನೀಲಿ ಟೀ-ಶರ್ಟು

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಓಣಿಯಲ್ಲಿ ಇಬ್ಬರು ಕಾರು ಕೊಂಡರು, ಒಬ್ಬರು ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿದರು, ನನ್ನ ಜೊತೆಗೇ ನೌಕರಿಗೆ ಸೇರಿದ ಗಣಿತದ ಮಾಸ್ತರು ನನ್ನ ಕಣ್ಣೆದುರೇ ಹೆಡ್‌ಮಾಸ್ತರರಾದರು. ನಾನು ಎಲ್ಲರ ಮನೆಗೂ ಹೋಗಿ, ಪೇಢೆ ತಿಂದು, ಮನಸಾರೆ ಹಾರೈಸಿ ಬಂದವನು. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಇಡೀ ಜಗತ್ತಿನಲ್ಲಿ ಒಂದೇ ಒಂದು ವಸ್ತುವನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅದು ಸವದತ್ತಿಯಲ್ಲಿರುವ ನನ್ನ ಷಡ್ಡಕರ ಟೀ-ಶರ್ಟು!

ಷಡ್ಡಕರೆಂದರೆ ನನ್ನ ಹೆಂಡತಿ ಸುವರ್ಣಾಳ ಅಕ್ಕನ ಗಂಡ, ಈರಪ್ಪಣ್ಣ. ಸವದತ್ತಿ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಮನುಷ್ಯ ಬಹಳ ಒಳ್ಳೆಯವರು. ಅದೇ ತೊಂದರೆ. ಸ್ವಲ್ಪ ಕೆಟ್ಟವರಾಗಿದ್ದರೆ ನನಗೆ ಹೊಟ್ಟೆಕಿಚ್ಚು ಪಡಲು ಎಷ್ಟೋ ಅನುಕೂಲವಾಗುತ್ತಿತ್ತು.

ಅವರ ಆ ಟೀ-ಶರ್ಟು ಗಾಢ ನೀಲಿ ಬಣ್ಣದ್ದು. ಕಾಲರಿನ ಅಂಚಿಗೆ ಒಂದು ಸಣ್ಣ ಬಿಳಿ ಗೆರೆ. ಆರು ವರ್ಷಗಳಿಂದ ನೋಡುತ್ತಿದ್ದೇನೆ. ಪಂಚಮಿ ಹಬ್ಬಕ್ಕೆ ನಮ್ಮ ಮನೆಗೆ ಬಂದರೂ ಅದೇ. ದೀಪಾವಳಿಗೆ ನಾವು ಅವರ ಮನೆಗೆ ಹೋದರೂ ಅದೇ. ನಾನು ಸಾಲಿಯ ಕಟ್ಟೆ ಇಳಿಯುವಾಗ ಕಾಲು ಉಳುಕಿಸಿಕೊಂಡು ಮಲಗಿದ್ದಾಗ ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬಂದರು, ಆಗಲೂ ಅದೇ! ನನಗೆ ಉಳುಕಿದ ಕಾಲಿಗಿಂತ ಆ ಕಾಲರು ಹೆಚ್ಚು ನೋವು ಕೊಟ್ಟಿತು. ಆರು ವರ್ಷದಲ್ಲಿ ಬಣ್ಣ ಒಂದಿಷ್ಟೂ ಮಾಸಿಲ್ಲ. ಭುಜ ಜೋತುಬಿದ್ದಿಲ್ಲ. ಹೊಟ್ಟೆಯ ಮೇಲೆ ಗಂಟುಗಂಟಾದ ಜುಂಗು ಎದ್ದಿಲ್ಲ.

ಇನ್ನು ನನ್ನ ಟೀ-ಶರ್ಟುಗಳ ಕಥೆ. ಮೊದಲ ಒಗೆತಕ್ಕೆ ಕಾಲರು ಕರಿದ ಹಪ್ಪಳದಂತೆ ಮುದುಡಿಕೊಳ್ಳುತ್ತದೆ. ಎರಡನೆಯ ಒಗೆತಕ್ಕೆ ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಮೂರನೆಯ ಒಗೆತಕ್ಕೆ ನಾನು ಕೈ ಎತ್ತಿ ಬೋರ್ಡಿನ ಮೇಲೆ ಬರೆದರೆ ಇಡೀ ಒಂಬತ್ತನೇ ತರಗತಿಗೆ ನನ್ನ ಹೊಕ್ಕುಳಿನ ದರ್ಶನವಾಗುತ್ತದೆ.

"ಮಾಮಾರು ಅರಿವಿ ಎಷ್ಟ ಜ್ವಾಕಿಯಿಂದ ಇಟ್ಕೋತಾರ ನೋಡ್ರಿ," ಎಂದು ಸುವರ್ಣಾ ಪ್ರತಿಸಲ ಹೇಳುತ್ತಿದ್ದಳು. "ಆರು ವರ್ಷ ಆತು, ಇವತ್ತ ಅಂಗಡಿಯಿಂದ ತಂದಂಗ ಐತಿ. ನಿಮಗ ಕೊಡಿಸಿದ್ದು ಚೌತಿಗೆ ಹೊಸಾದಿದ್ರ ದಸರಾಕ್ಕ ಗುರ್ತ ಸಿಗೂದಿಲ್ಲ."

"ಅವರು ಅಂಗಡ್ಯಾಗ ಫ್ಯಾನಿನ ಕೆಳಗ ಕುಂತಿರತಾರ," ಎಂದು ನಾನು ವಾದಿಸುತ್ತಿದ್ದೆ. "ನಾನು ಸಾಲ್ಯಾಗ ಮೈ ಮುರದ ದುಡೀತೇನಿ."

"ಹೌದ ಹೌದ, ಚಾಕ್‌ಪೀಸ್ ಭಾಳ ಭಾರ ಇರತೈತಿ!"

ಆ ಟೀ-ಶರ್ಟು ಯಾವ ಅಂಗಡಿಯದು ಎಂದು ಈರಪ್ಪಣ್ಣನವರನ್ನೋ ಸುವರ್ಣಾಳನ್ನೋ ಕೇಳಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆದರೆ ಕೇಳಿದರೆ ಸೋತಂತೆ ಅಲ್ಲವೇ? ಕೇಳುವುದೆಂದರೆ, ನಿಮ್ಮ ಅಂಗಿ ನನ್ನ ಅಂಗಿಗಿಂತ ಉತ್ತಮವೆಂದು ಒಪ್ಪಿ ಸಹಿ ಹಾಕಿಕೊಟ್ಟಂತೆ. ನಾನು ಆರು ವರ್ಷ ಕೇಳಲಿಲ್ಲ. ಬದಲಿಗೆ, ಅದಕ್ಕಿಂತ ಹೆಚ್ಚು ಬಾಳುವ, ಅದಕ್ಕಿಂತ ಅಗ್ಗದ ಟೀ-ಶರ್ಟನ್ನು ಸ್ವಂತ ಬುದ್ಧಿಯಿಂದ ಹುಡುಕಿ, ಹೆಂಡತಿಯ ಬಾಯಿಂದ ಒಂದೇ ಒಂದು ಸಲ "ನಿಮ್ಮದ ಛಲೋ ಐತಿ ಬಿಡ್ರಿ" ಎನ್ನಿಸಿಕೊಳ್ಳಬೇಕೆಂದು ತೀರ್ಮಾನಿಸಿದೆ. ವಿಜ್ಞಾನ ಓದಿದವನಿಗೆ ಒಂದು ಟೀ-ಶರ್ಟು ಯಾವ ಲೆಕ್ಕ?

ಮೊದಲ ಪ್ರಯೋಗ ವಾರದ ಸಂತೆಯಲ್ಲಿ ನಡೆಯಿತು. ತಳ್ಳುಗಾಡಿಯ ಮೇಲೆ ಟೀ-ಶರ್ಟುಗಳನ್ನು ಮೆಣಸಿನಕಾಯಿಯಂತೆ ರಾಶಿ ಹಾಕಿದ್ದರು. ನಾನು ತಳದವರೆಗೆ ಕೈ ಹಾಕಿ, ಷಡ್ಡಕರದ್ದಕ್ಕಿಂತ ಒಂದು ತೂಕ ಹೆಚ್ಚೇ ನೀಲಿಯಾಗಿದ್ದ ಒಂದನ್ನು ಎಳೆದು ತೆಗೆದೆ. ಮರುದಿನ ಅದನ್ನೇ ತೊಟ್ಟು ಸಾಲಿಗೆ ಹೋದೆ. ಬಿಸಿಲು ಸ್ವಲ್ಪ ಜೋರಾಗಿತ್ತು, ಬೆವರು ಇನ್ನೂ ಜೋರಾಗಿತ್ತು. ಸಂಜೆ ಅಂಗಿ ಕಳಚಿದರೆ ಅದು ಬೂದಿ ಬಣ್ಣಕ್ಕೆ ಬಂದಿತ್ತು. ನೀಲಿ ಎಲ್ಲ ನನ್ನ ಮೇಲಿತ್ತು! ಕಲ್ಲಿನಿಂದ ತಿಕ್ಕಿದರೂ ಕುತ್ತಿಗೆಯ ಬಣ್ಣ ಹೋಗಲಿಲ್ಲ. ಎರಡು ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನನಗೆ "ನೀಲಕಂಠೇಶ್ವರಾ" ಎಂದು ಕೈಮುಗಿದರು. ಹೆಡ್‌ಮಾಸ್ತರರು ಎರಡು ಸಲ ಮುಗಿದರು.

ಅಗ್ಗದ ಮಾಲಿಗೆ ಅಷ್ಟೇ ಗತಿ ಎಂದುಕೊಂಡು ಎರಡನೆಯ ಸಲ ಪೇಟೆಯ ಮಕ್ತುಮಸಾಬರ ಬಟ್ಟೆ ಅಂಗಡಿಗೆ ಹೋದೆ. ಅವರು ಹಳೆಯ ವ್ಯಾಪಾರಿ, ನಮ್ಮ ಮನೆಯ ಬಟ್ಟೆಯೆಲ್ಲ ಸುವರ್ಣಾ ಅಲ್ಲಿಯೇ ತರುವುದು. ನಾನು ಅಂಗಡಿಗೆ ಕಾಲಿಟ್ಟಿದ್ದು ಅದೇ ಮೊದಲು. ಹೋಗುವಾಗ ಪ್ರಯೋಗಾಲಯದಿಂದ ಒಂದು ಭೂತಗನ್ನಡಿ, ಒಂದು ಸ್ಕೇಲು, ನೀರಿನ ಡ್ರಾಪರು ತೆಗೆದುಕೊಂಡಿದ್ದೆ. ಒಂದೊಂದೇ ಟೀ-ಶರ್ಟನ್ನು ಬೆಳಕಿಗೆ ಹಿಡಿದು ಆಚೆಯ ರಸ್ತೆ ಕಾಣುತ್ತದೆಯೋ ನೋಡಿದೆ. ಕಂಡರೆ ತೆಳು, ತಿರಸ್ಕೃತ. ಹೊಲಿಗೆಯನ್ನು ಭೂತಗನ್ನಡಿಯಲ್ಲಿ ಎಣಿಸಿದೆ. ಕಾಲರನ್ನು ಎರಡೂ ಕೈಯಿಂದ ಎಳೆದು ಬಿಟ್ಟು, ಹಿಂದಿನ ಸ್ಥಿತಿಗೆ ಮರಳುತ್ತದೆಯೋ ಎಂದು ಸ್ಕೇಲು ಹಿಡಿದೆ. ಎದೆಯ ಭಾಗದ ಮೇಲೆ ಒಂದು ಹನಿ ನೀರು ಬಿಟ್ಟು ಗಡಿಯಾರ ನೋಡಿದೆ.

ಮಕ್ತುಮಸಾಬರು ಇದನ್ನೆಲ್ಲ ಗದ್ದಕ್ಕೆ ಕೈ ಕೊಟ್ಟು ನೋಡುತ್ತಿದ್ದರು.

"ಮಾಸ್ತರ, ಅಂಗಿ ತಗೊಳ್ಳಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?"

"ಎಷ್ಟು ವರ್ಷ ಬರತೈತ್ರಿ ಇದು? ಗ್ಯಾರಂಟಿ ಐತೇನು?"

"ಮಾಸ್ತರ, ನನಗ ಎಪ್ಪತ್ತಾತು. ನಂದ ನನಗ ಗ್ಯಾರಂಟಿ ಇಲ್ಲ, ಅಂಗಿದು ಎಲ್ಲಿಂದ ಕೊಡ್ಲಿ?"

ಆದರೂ ಅವರು ಒಳ್ಳೆಯ ದಪ್ಪ ಹತ್ತಿಯ, ಭುಜಕ್ಕೆ ಒಳಗಿನಿಂದ ಪಟ್ಟಿ ಕೊಟ್ಟು ಹೊಲಿದ ಒಂದು ಹಸಿರು ಟೀ-ಶರ್ಟು ತೆಗೆದುಕೊಟ್ಟರು. ಜೊತೆಗೆ ಪುಕ್ಕಟೆ ಉಪದೇಶವನ್ನೂ ಕೊಟ್ಟರು.

"ಒಳಮೈ ಹೊರಗ ಮಾಡಿ ತಣ್ಣೀರಾಗ ತೊಳೀರಿ. ಬ್ರಷ್ ಹಚ್ಚಬ್ಯಾಡ್ರಿ, ಹಿಂಡಬ್ಯಾಡ್ರಿ. ನೆಳ್ಳಾಗ ಒಣಗಸ್ರಿ. ಮೊದಲನೇ ಸಲ ನೀರಾಗ ಒಂದ ಹಿಡಿ ಉಪ್ಪ ಹಾಕಿ ನೆನಿ ಇಡ್ರಿ, ಬಣ್ಣ ಗಟ್ಟಿ ನಿಲ್ಲತೈತಿ. ಇಷ್ಟ ಮಾಡಿದ್ರ ಸಾಕ್ರಿ."

ಇಷ್ಟು ಮಾಡಿದರೆ ಸಾಕು. ನಾನು ಇಷ್ಟು ಮಾತ್ರ ಮಾಡಲಿಲ್ಲ.

ಒಂದು ಹಿಡಿ ಉಪ್ಪು ಎನ್ನುವುದು ಜನಸಾಮಾನ್ಯರ ಅಳತೆ. ಒಂದು ಹಿಡಿಗೆ ಬಣ್ಣ ಇಷ್ಟು ನಿಂತರೆ, ಪರ್ಯಾಪ್ತ ದ್ರಾವಣಕ್ಕೆ ಎಷ್ಟು ನಿಲ್ಲಬೇಡ? ಪರ್ಯಾಪ್ತ ದ್ರಾವಣವೆಂದರೆ ಇನ್ನೊಂದು ಹರಳೂ ಕರಗದಷ್ಟು ಉಪ್ಪು ತುಂಬಿದ ನೀರು, ಎಂಟನೆಯ ತರಗತಿಯ ಪಾಠ. ಅಡುಗೆಮನೆಯಲ್ಲಿದ್ದ ಉಪ್ಪಿನ ಪಾಕೀಟುಗಳು ಖಾಲಿಯಾದವು. ಅದು ಸಾಲದೆಂದು ಪ್ರಯೋಗಾಲಯದ ಪಟಿಕವನ್ನೂ ಪುಡಿ ಮಾಡಿ ಹಾಕಿ, ಟೀ-ಶರ್ಟನ್ನು ಮೂರು ದಿನ ಮುಳುಗಿಸಿಟ್ಟೆ. ನಾಲ್ಕನೆಯ ದಿನ ತೆಗೆದು, ಹಿಂಡದೆ, ಬಚ್ಚಲುಮನೆಯ ನೆರಳಿನಲ್ಲಿ ಹಾಕಿದೆ. ಮರುದಿನ ಮುಂಜಾನೆ ಸುವರ್ಣಾ ಚೀರಿದ್ದು ಓಣಿಯ ತುದಿಯವರೆಗೆ ಕೇಳಿಸಿತು.

"ಏನ್ರೀ! ಬಚ್ಚಲದಾಗ ಯಾರೋ ನಿಂತಾರ್ರೀ!"

ಬಡಿಗೆ ಹಿಡಿದು ಓಡಿದೆ. ಯಾರೂ ಇರಲಿಲ್ಲ. ಹಗ್ಗದಿಂದ ಜಾರಿ ಬಿದ್ದ ನನ್ನ ಟೀ-ಶರ್ಟು ಗೋಡೆಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ, ಯಾರ ಹಂಗೂ ಇಲ್ಲದೆ ತಾನೇ ನಿಂತಿತ್ತು!

"ಬಣ್ಣ ಮಾತ್ರ ಹೋಗಿಲ್ಲ ನೋಡು," ಎಂದೆ.

"ಬಣ್ಣ ಹೆಂಗ ಹೋಗತೈತ್ರಿ, ಹೋಗಾಕ ಅದಕ ದಾರಿ ಎಲ್ಲಿ ಐತಿ? ನೀವು ಉಪ್ಪಿನಕಾಯಿ ಹಾಕೀರಿ ಅದನ್ನ!"

ಹಟಕ್ಕೆ ಬಿದ್ದು ಅದನ್ನೇ ತೊಟ್ಟುಕೊಂಡೆ. ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಸದ್ದು ಬರುತ್ತಿತ್ತು. ಹಾಲಿನ ಅಂಗಡಿಯ ಮುಂದೆ ನಿಂತಿದ್ದಾಗ ಬೆನ್ನ ಮೇಲೆ ಏನೋ ಬೆಚ್ಚಗೆ, ಒದ್ದೆಯಾಗಿ, ಒರಟಾಗಿ ಹರಿದಾಡಿತು. ತಿರುಗಿ ನೋಡಿದರೆ ಪಕ್ಕದ ಮನೆಯ ಎಮ್ಮೆ. ಕಣ್ಣು ಮುಚ್ಚಿಕೊಂಡು ಪರಮಾನಂದದಿಂದ ನನ್ನ ಬೆನ್ನು ನೆಕ್ಕುತ್ತಿತ್ತು! ನಾನು ಓಡಿದೆ. ಎಮ್ಮೆಯೂ ಓಡಿತು. ಅಂದಿನಿಂದ ಆ ಎಮ್ಮೆ ಎಲ್ಲಿ ಕಂಡರೂ ನನ್ನನ್ನು ಗುರುತು ಹಿಡಿಯುತ್ತದೆ.

ಉಪ್ಪುಪ್ಪಾದ ಅಂಗಿಯೊಡನೆ ಮತ್ತೆ ಮಕ್ತುಮಸಾಬರ ಮುಂದೆ ನಿಂತೆ. ಅವರು ಅದನ್ನು ಬೆರಳಿನಿಂದ ಬಡಿದು ನೋಡಿದರು. ಹಲಗೆಯ ಸದ್ದು ಬಂತು. ಬೇರೆ ದಾರಿ ಕಾಣದೆ ನಾನು ಷಡ್ಡಕರ ನೀಲಿ ಟೀ-ಶರ್ಟಿನ ಕಥೆಯನ್ನು, ಷಡ್ಡಕರ ಹೆಸರು ಹೇಳದೆ, ಬಾಯಿಬಿಟ್ಟೆ.

"ಆರು ವರ್ಷ ಬಂದೈತಿ ಅಂದ್ರ ಮಾಲು ಪಕ್ಕಾ ಐತಿ ಮಾಸ್ತರ," ಎಂದರು ಅವರು. "ಕಣ್ಣಿಲೆ ನೋಡದ ಹೆಂಗ ಹೇಳೂದು? ಒಂದ ಬೆರಳಷ್ಟ ಬಟ್ಟಿ ತರ್ರಿ ಸಾಕು. ಎಂಥಾ ಮಾಲು, ಯಾವೂರಿಂದ ಬಂದೈತಿ, ಮುಟ್ಟಿ ಹೇಳತೇನಿ."

ಒಂದು ಬೆರಳಷ್ಟು ಬಟ್ಟೆ! ವಿಜ್ಞಾನದಲ್ಲಿ ಇದನ್ನೇ ಮಾದರಿ ಸಂಗ್ರಹ ಎನ್ನುತ್ತಾರೆ. ಟೀ-ಶರ್ಟಿನ ಕೆಳಗಿನ ಅಂಚನ್ನು ಒಳಗೆ ಮಡಿಚಿ ಹೊಲಿದಿರುತ್ತಾರಲ್ಲ, ಆ ಮಡಿಕೆಯಿಂದ ಬೆರಳಷ್ಟು ಕತ್ತರಿಸಿಕೊಂಡರೆ ಹೊರಗಿನಿಂದ ಯಾರಿಗೆ ಗೊತ್ತಾಗುತ್ತದೆ? ಆ ರವಿವಾರವೇ ಸುವರ್ಣಾಳಿಗೆ ಹೇಳಿದೆ:

"ನಡಿ, ಯಲ್ಲಮ್ಮನ ಗುಡ್ಡಕ್ಕ ಹೋಗಿ ಕಾಯಿ ಒಡಸ್ಕೊಂಡು ಬರೂನು. ಹಂಗ ಹೋಗೂ ಮುಂದ ಅಕ್ಕಾರ ಮನಿಗೂ ಹೋಗೂನು. ಫೋನ್ ಮಾಡಬ್ಯಾಡ, ಸುಮ್ನ ತ್ರಾಸ ತಗೋತಾರ."

ನನ್ನ ಬಾಯಲ್ಲಿ ದೇವರ ಹೆಸರು, ಅದರ ಹಿಂದೆ ಅಕ್ಕನ ಹೆಸರು! ಸುವರ್ಣಾ ಎಷ್ಟು ಸಂತೋಷಪಟ್ಟಳೆಂದರೆ ನನಗೆ ಒಂದು ಕ್ಷಣ ನಾಚಿಕೆಯಾಯಿತು. ಒಂದೇ ಕ್ಷಣ. ಆಮೇಲೆ ಕೀಲಿ ಗೊಂಚಲಿನಲ್ಲಿ ಉಗುರು ಕತ್ತರಿ ಇದೆಯೋ ಎಂದು ನೋಡಿಕೊಂಡೆ.

ನನ್ನ ಗಾಡಿಯ ಮೇಲೆ ಸವದತ್ತಿ ಮುಟ್ಟಿದಾಗ ಹನ್ನೊಂದು ಗಂಟೆ. ಈರಪ್ಪಣ್ಣ ಅಂಗಡಿಯಲ್ಲಿದ್ದರು. ಅಕ್ಕಾರು ನಮ್ಮನ್ನು ನೋಡಿ ಹಿಗ್ಗಿ, ಕೈಗೆ ನೀರಿನ ತಂಬಿಗೆ ಕೊಟ್ಟು, ಕೂಡಲೇ ಗಂಡನಿಗೆ ಫೋನು ಮಾಡಿದರು. "ಲಗೂನ ಬರ್ರಿ, ಬೈಲಹೊಂಗಲ ಮಾಸ್ತರು ಬಂದಾರ!" ಎಂದವರೇ ಒಳಗೆ ಹೋಗಿ ಬಟ್ಟೆಯ ಟಿಜೂರಿ ತೆಗೆದರು. ಘಡಿ ಮಾಡಿಟ್ಟಿದ್ದ ಅದೇ ನೀಲಿ ಟೀ-ಶರ್ಟನ್ನು ತಂದು, ಎರಡು ಸಲ ಝಾಡಿಸಿ, ಪಡಸಾಲೆಯ ಗೂಟಕ್ಕೆ ಹಾಕಿ, "ಬಂದ ಕೂಡ್ಲೇ ಬೇಕಾಗತೈತಿ ಅವರಿಗೆ," ಎನ್ನುತ್ತ ತಂಗಿಯನ್ನು ಕರೆದುಕೊಂಡು ಅಡುಗೆಮನೆಗೆ ಹೋದರು.

ಪಡಸಾಲೆಯಲ್ಲಿ ಉಳಿದವರು ಇಬ್ಬರೇ. ನಾನು ಮತ್ತು ಆ ಟೀ-ಶರ್ಟು.

ಹತ್ತಿರ ಹೋಗಿ ಮುಟ್ಟಿದೆ. ಆರು ವರ್ಷದಲ್ಲಿ ಮೊದಲ ಸಲ. ಎಷ್ಟು ಮೆತ್ತಗಿತ್ತೆಂದರೆ ನನ್ನ ಹೊಟ್ಟೆಯೊಳಗೆ ಯಾರೋ ಒಲೆಗೆ ಕಟ್ಟಿಗೆ ತಳ್ಳಿದ ಹಾಗಾಯಿತು. ಕೆಳಗಿನ ಅಂಚನ್ನು ತಿರುವಿದೆ. ಅಲ್ಲಿ ಒಂದು ಎಳೆ ದಾರ ಅರ್ಧ ಬೆರಳಷ್ಟು ಜೋತಾಡುತ್ತಿತ್ತು. ಮಾದರಿಗೆ ಬಟ್ಟೆ ಕತ್ತರಿಸುವುದಕ್ಕೆ ಮೊದಲು ಈ ದಾರವನ್ನು ಸರಿಸೋಣವೆಂದು ಮೆಲ್ಲಗೆ ಎಳೆದೆ.

ಟೀ-ಶರ್ಟಿನ ಅಂಚಿನ ಹೊಲಿಗೆ ಸರಪಳಿಯಂತಿರುತ್ತದೆ. ಒಂದು ಕೊಂಡಿ ಬಿಚ್ಚಿದರೆ ಉಳಿದವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಇದು ನನಗೆ ಆ ದಿನ, ಆ ಹೊತ್ತಿನಲ್ಲಿ, ಪ್ರತ್ಯಕ್ಷ ಪ್ರಯೋಗದಿಂದ ತಿಳಿಯಿತು. ಸರ್ರ್ ಎಂದು ದಾರ ಬಂತು. ನಿಲ್ಲಲಿ ಎಂದು ಇನ್ನೊಂದು ಕಡೆಯಿಂದ ಎಳೆದೆ. ಇನ್ನೂ ಬಂತು! ಮುಂದಿನ ಅಂಚು ಮುಗಿಯಿತು, ಹಿಂದಿನ ಅಂಚಿಗೆ ಹೊರಳಿತು. ಗಾಬರಿಯಿಂದ ದಾರವನ್ನು ತುಂಡರಿಸಲು ಉಗುರು ಕತ್ತರಿ ಹಾಕಿ ಕಚಕ್ಕೆಂದು ಒತ್ತಿದೆ. ದಾರ ಉಳಿಯಿತು. ಬಟ್ಟೆ ಹೋಯಿತು. ಕತ್ತರಿಗೆ ಸಿಕ್ಕ ಮಡಿಕೆ ಬಿಡಿಸಿದರೆ ಹೊಟ್ಟೆಯ ಭಾಗದಲ್ಲಿ ರೂಪಾಯಿ ಗಾತ್ರದ ತೂತು!

ಅಷ್ಟರಲ್ಲಿ ಅಂಗಳದಲ್ಲಿ ಗಾಡಿ ನಿಂತ ಸದ್ದು. ವಿಚಾರ ಮಾಡಲು ವೇಳೆ ಇರಲಿಲ್ಲ. ಟೀ-ಶರ್ಟನ್ನು ಗೂಟದಿಂದ ಎಳೆದು ಮುದ್ದೆ ಮಾಡಿ ನಮ್ಮ ಚೀಲದೊಳಗೆ, ತೆಂಗಿನಕಾಯಿಯ ಕೆಳಗೆ ತುರುಕಿ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಅಮಾವಾಸ್ಯೆ ಯಾವಾಗ ಎಂದು ನೋಡತೊಡಗಿದೆ.

ಒಳಗೆ ಬಂದ ಈರಪ್ಪಣ್ಣನವರನ್ನು ನಾನು ಗುರುತೇ ಹಿಡಿಯಲಿಲ್ಲ. ಮೈಮೇಲೆ ಒಂದು ಟೀ-ಶರ್ಟಿತ್ತು, ಆದರೆ ಅದರ ಬಣ್ಣ ಯಾವುದಿತ್ತೆಂದು ಅದನ್ನು ಮಾಡಿದವರಿಗೂ ನೆನಪಿರಲಿಕ್ಕಿಲ್ಲ. ಕಂಕುಳಲ್ಲಿ ಕೈ ತೂರುವಷ್ಟು ಹರಿದಿತ್ತು, ಕಾಲರು ಅರ್ಧವೇ ಉಳಿದಿತ್ತು.

"ಬರ್ರಿ ಬರ್ರಿ ಮಾಸ್ತರ, ಕೂಡ್ರಿ. ಒಂದೀಟ ಅರಿವಿ ಬದಲಿಸಿ ಬರತೇನಿ," ಎಂದು ಗೂಟಕ್ಕೆ ಕೈ ಹಾಕಿದರು. ಗೂಟ ಖಾಲಿ. "ಏ, ನನ್ನ ನೀಲಿ ಅಂಗಿ ಎಲ್ಲೈತಿ?"

"ಈಗರ ಅಲ್ಲೇ ಹಾಕೇನಲ್ರಿ!" ಎಂದು ಅಕ್ಕಾರು ಹೊರಬಂದರು.

ಎಲ್ಲರೂ ಹುಡುಕಿದರು. ಹಾಸಿಗೆ ಝಾಡಿಸಿದರು, ಟಿಜೂರಿ ಮತ್ತೆ ತೆಗೆದರು, ನಾನೂ ಸಂಭಾವಿತನಂತೆ ಒಂದೆರಡು ದಿಂಬು ಎತ್ತಿ ನೋಡಿದೆ. ಈರಪ್ಪಣ್ಣನವರ ಮುಖ ಬಾಡಿಹೋಗಿತ್ತು. ಒಂದು ಟೀ-ಶರ್ಟಿಗೆ ಇಷ್ಟು ಜಂಬವೇ ಎಂದು ಆ ಅಪರಾಧಿ ಸ್ಥಿತಿಯಲ್ಲೂ ನನಗೆ ಹೊಟ್ಟೆ ಉರಿಯಿತು. ಆದರೆ ಎಲ್ಲರ ಕಣ್ಣೂ ಒಬ್ಬೊಬ್ಬರ ಮೇಲೆ ಹರಿದು ಕೊನೆಗೆ ನನ್ನ ಮೇಲೆ ಬರುವಂತಿದ್ದಾಗ ಬಾಯಿ ತಾನೇ ಮಾತಾಡಿಬಿಟ್ಟಿತು.

"ಮಂಗ್ಯಾ ಒಯ್ದಿರಬೇಕ್ರಿ. ಗುಡ್ಡದ ಕಡಿಂದ ಬಂದಿತ್ತು. ನಾನು ಕ್ಯಾಲೆಂಡರ್ ನೋಡಾಕತ್ತಿದ್ನಿ, ಸುಳದಂಗ ಆತು."

ಈರಪ್ಪಣ್ಣ ಬಡಿಗೆ ಹಿಡಿದು ಮಾಳಿಗೆ ಹತ್ತಿದರು. ಹೇಳಿದವನು ನಾನೇ ಆದ್ದರಿಂದ ನಾನೂ ಹತ್ತಲೇಬೇಕಾಯಿತು. ಉರಿಬಿಸಿಲಿನಲ್ಲಿ ಇಬ್ಬರೂ "ಹಚ್ಯಾ, ಹಚ್ಯಾ" ಎಂದು ಇಲ್ಲದ ಮಂಗವನ್ನು ಬೆದರಿಸಿದೆವು. ಪಕ್ಕದ ಮಾಳಿಗೆಯ ಮೇಲೆ ಜೋಳ ಒಣಹಾಕುತ್ತಿದ್ದ ರುದ್ರಪ್ಪಜ್ಜ ಏನಾಯಿತೆಂದು ಕೇಳಿದ. ಹೇಳಿದೆವು.

"ಹೌದಪಾ, ನಾನೂ ನೋಡೀನಿ!" ಎಂದ ಅಜ್ಜ. "ನೀಲಿ ಅಂಗಿ ಹೌದಲ್ಲ? ಹೆಗಲ ಮ್ಯಾಲ ಹಾಕ್ಕೊಂಡು ಈಗ ಹೋತ ನೋಡು ಹಿಂಗ!"

ನಾನು ದಂಗಾದೆ. ಒಂದು ಗಳಿಗೆ ನನಗೇ ನಂಬಿಕೆ ಬಂದು, ಅಜ್ಜ ತೋರಿಸಿದ ಕಡೆಗೆ ಕಣ್ಣು ಕಿರಿದು ಮಾಡಿ ಮಂಗವನ್ನು ಹುಡುಕಿದೆ.

ಊಟದ ಹೊತ್ತಿಗೆ ಈರಪ್ಪಣ್ಣ ಆ ಹರಕು ಅಂಗಿಯಲ್ಲೇ ಕುಳಿತು, "ಮಾಸ್ತರ, ತಪ್ಪ ತಿಳ್ಕೋಬ್ಯಾಡ್ರಿ, ಇವತ್ತ ಹಿಂಗ ಕುಂದರೂ ಪಾಳಿ ಬಂತು," ಎಂದು ಮೂರು ಸಲ ಹೇಳಿದರು. ನಾನು ಎಣಗಾಯಿಯಿಂದ ತಲೆ ಎತ್ತದೆ ರೊಟ್ಟಿ ಮುರಿದೆ. ಅದರಲ್ಲೂ ಸುವರ್ಣಾ, "ಇರಲಿ ತಗೋರಿ ಮಾಮಾ, ನೀವು ಏನ್ ಹಾಕ್ಕೊಂಡ್ರೂ ಛಲೋನ ಕಾಣತೀರಿ," ಎಂದು ಅವರ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. ಅವರ ಹರಕು ಅಂಗಿಗೂ ಹೊಗಳಿಕೆ! ಎರಡು ಸಾವಿರ ಸಲ ಕನ್ನಡಿ ನೋಡಿ ತೊಟ್ಟು ಬಂದ ನನ್ನ ಅಂಗಿಯ ಬಗ್ಗೆ ಒಂದು ಮಾತಿಲ್ಲ.

ಊಟ ಮುಗಿದ ಕೂಡಲೇ ಗುಡ್ಡಕ್ಕೆ ಹೊರಡಲು ಎದ್ದೆ. ದಾರಿಯಲ್ಲಿ ಯಾವುದಾದರೂ ಟೇಲರ್ ಅಂಗಡಿಯಲ್ಲಿ ಹೊಲಿಸಿ, ನಾಲ್ಕು ದಿನ ಬಿಟ್ಟು ಮಂಗವೇ ತಂದುಕೊಟ್ಟ ಹಾಗೆ ಅವರ ಮಾಳಿಗೆಯ ಮೇಲೆ ಬೀಳುವಂತೆ ಮಾಡುವುದೆಂದು ಯೋಜನೆ ತಯಾರಾಗಿತ್ತು. ಆದರೆ ನಮ್ಮ ಕಡೆಯ ಒಂದು ಪದ್ಧತಿಯನ್ನು ನಾನು ಮರೆತಿದ್ದೆ. ಮನೆಗೆ ಬಂದವರ ಚೀಲವನ್ನು ಯಾವ ಹೆಣ್ಣುಮಗಳೂ ಬರಿದಾಗಿ ಕಳಿಸುವುದಿಲ್ಲ!

"ಚೀಲ ಕೊಡ್ರಿ ಇಲ್ಲೆ," ಎಂದರು ಅಕ್ಕಾರು. ಕೈಯಲ್ಲಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ.

"ಬ್ಯಾಡ್ರಿ ಅಕ್ಕಾರ," ಎಂದು ಚೀಲವನ್ನು ಎದೆಗೆ ಅವಚಿಕೊಂಡೆ.

ನಮ್ಮಲ್ಲಿ ಬೇಡವೆಂದರೆ ಇನ್ನಷ್ಟು ತುಂಬು ಎಂದೇ ಅರ್ಥ. ಅವರು ಚೀಲದ ಒಂದು ಕಿವಿ ಹಿಡಿದು ಎಳೆದರು.

"ಸಂಕೋಚ ಯಾಕ್ರಿ, ಕೊಡ್ರಿ!"

"ಖರೇನ ಬ್ಯಾಡ್ರೀ! ಮನ್ಯಾಗ ರೊಟ್ಟಿ ಭಾಳ ಅದಾವ್ರಿ!"

ನನ್ನ ಸಂಕೋಚ ಎಂಥ ದೊಡ್ಡದೆಂದು ಅಕ್ಕಾರಿಗೆ ನನ್ನ ಮೇಲೆ ಇನ್ನೂ ಮಮತೆ ಉಕ್ಕಿತು. ಎರಡೂ ಕೈ ಹಾಕಿ ಎಳೆದರು. ಚೀಲ ಅವರ ಕಡೆಗೆ ಹೋಯಿತು. ತೆಂಗಿನಕಾಯಿ ಉರುಳಿ ಬಿತ್ತು. ಅದರ ಬೆನ್ನಿಗೆ ನೀಲಿ ಟೀ-ಶರ್ಟು, ಅದರ ಬೆನ್ನಿಗೆ ಮಾರುದ್ದದ ದಾರ!

ಸುವರ್ಣಾ ಅಂಗಿಯನ್ನು ಎತ್ತಿ ಹಿಡಿದಳು. ತೂತಿನ ಆಚೆ ಅವಳ ಒಂದು ಕಣ್ಣು ಕಾಣುತ್ತಿತ್ತು.

"ಮಂಗ್ಯಾ..." ಎಂದು ಶುರುಮಾಡಿದೆ.

"ಮಂಗ್ಯಾ ಎಲ್ಲೂ ಹೋಗಿಲ್ರಿ," ಎಂದಳು. "ಇಲ್ಲೇ ನನ್ನ ಮುಂದ ನಿಂತೈತಿ."

ಬಾಗಿಲಿಗೆ ಒರಗಿ ನಿಂತು, ಆರು ವರ್ಷದ ಹೊಟ್ಟೆಕಿಚ್ಚನ್ನು ಒಂದೂ ಬಿಡದೆ ಒಪ್ಪಿಕೊಂಡೆ. ಸಂತೆ, ಉಪ್ಪು, ಎಮ್ಮೆ, ಒಂದು ಬೆರಳಷ್ಟು ಬಟ್ಟೆ, ಎಲ್ಲ. ಈರಪ್ಪಣ್ಣ ಬೈಯುತ್ತಾರೆಂದು ಕಾದೆ. ಅವರು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದರು.

"ಮಾಸ್ತರ, ಈ ಅಂಗಿ ಎಲ್ಲಿದು ಅಂತ ನಿಮಗ ಖರೇನ ಗೊತ್ತಿಲ್ಲೇನು?"

"ಇಲ್ರಿ."

"ನೀವ ಕೊಟ್ಟದ್ದಲ್ರಿ!"

ನಾನು ಸುವರ್ಣಾಳ ಕಡೆ ನೋಡಿದೆ. ಅವಳು ಹಣೆ ಬಡಿದುಕೊಂಡಳು.

"ನಮ್ಮ ಮನಿ ಶಾಂತಿ ಒಳಗ ಆಯೇರ ಮಾಡಿದ್ದು! ಶರ್ಟ್‌ಪೀಸ್ ಕೊಟ್ರ ಈಗ ಯಾರೂ ಹೊಲಸೂದಿಲ್ಲ ಅಂತ ನಾನ ಮಕ್ತುಮಸಾಬರ ಅಂಗಡ್ಯಾಗ ಆರಿಸಿ ತಂದಿದ್ನಿ. ನೀವ ಕೈಯಾರೆ ಮಾಮಾರಿಗೆ ಕೊಟ್ಟು ನಮಸ್ಕಾರ ಮಾಡೀರಿ! ಫೋಟೋ ಐತಿ ಮನ್ಯಾಗ!"

ಹೊಸ ಮನೆಯ ಶಾಂತಿಯಲ್ಲಿ ಬಂಧುಗಳಿಗೆಲ್ಲ ಬಟ್ಟೆ ಕೊಟ್ಟು ಆಯೇರ ಮಾಡಿದ್ದು ನೆನಪಿತ್ತು. ಸುವರ್ಣಾ ಒಂದೊಂದು ಪೊಟ್ಟಣ ಕೈಗಿಡುತ್ತಿದ್ದಳು, ನಾನು ಒಬ್ಬೊಬ್ಬರಿಗೆ ದಾಟಿಸುತ್ತಿದ್ದೆ. ಪೊಟ್ಟಣದ ಒಳಗೆ ಏನಿದೆಯೆಂದು ನೋಡುವ ಉಸಾಬರಿಗೆ ಹೋಗಿರಲಿಲ್ಲ.

"ಮತ್ತ ನನಗ ಒಮ್ಮಿನೂ ಹೇಳಲಿಲ್ಲಲ್ಲ ನೀನು?"

"ನೀವು ಒಮ್ಮೆರ ಕೇಳಿದ್ರೇನು?"

ಮಾತು ಹೊರಳಿಸಲು ಈರಪ್ಪಣ್ಣನವರ ಕಡೆ ತಿರುಗಿದೆ. ಸೋತಿದ್ದಂತೂ ಆಗಿತ್ತು, ಕೇಳುವುದೊಂದು ಉಳಿದಿತ್ತು. "ಆತು ಬಿಡ್ರಿ ಅಣ್ಣಾರ. ಆದ್ರ ಆರು ವರ್ಷ ಇಷ್ಟ ಹೊಸಾದಂಗ ಹೆಂಗ ಇಟ್ಟ್ರಿ? ಅದನ್ನರ ಹೇಳ್ರಿ."

"ಇಡೂದೇನೈತಿ ಮಾಸ್ತರ ಅದರಾಗ," ಎಂದು ಅವರು ನಾಚಿಕೊಂಡರು. "ನೀವು ಪ್ರೀತಿಲೆ ಕೊಟ್ಟದ್ದು. ಹಾಕ್ಕೊಂಡಿದ್ದು ನಿಮ್ಮ ಕಣ್ಣಿಗೆ ಬೀಳಬೇಕಲ್ಲ? ಅದಕ ನಿಮ್ಮ ಮುಂದ ಬರೂ ಮುಂದ ಅಷ್ಟ ಹಾಕ್ಕೋತೇನಿ. ವರ್ಷದಾಗ ಎರಡ ಸಲನೋ ಮೂರ ಸಲನೋ. ಉಳದ ದಿನ ನನ್ನ ಗತಿ ಇದ," ಎಂದು ಮೈಮೇಲಿನ ಹರಕು ಅಂಗಿ ತೋರಿಸಿದರು. "ಇವತ್ತ ನೀವು ಹೇಳದ ಬಂದ್ರಿ ನೋಡ್ರಿ, ಸಿಕ್ಕ ಬಿದ್ನಿ."

ಆರು ವರ್ಷ ನಾನು ಆ ಟೀ-ಶರ್ಟನ್ನು ಗಮನಿಸಿದ್ದು ನನ್ನ ಎದುರಿಗಿದ್ದಾಗ ಮಾತ್ರ. ನಾನಿಲ್ಲದಾಗ ಅದು ಏನು ಮಾಡುತ್ತಿರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಇದೇ ತಪ್ಪನ್ನು ಒಂಬತ್ತನೆಯ ತರಗತಿಯವರು ಮಾಡಿದರೆ ಕಿವಿ ಹಿಡಿಸಿ ನಿಲ್ಲಿಸುತ್ತೇನೆ.

ಹೊಸ ಅಂಗಿ ತಂದುಕೊಡುತ್ತೇನೆಂದೆ, ಅವರು ಒಪ್ಪಲಿಲ್ಲ. ಹೊಲಿಸಿಕೊಡುತ್ತೇನೆಂದೆ, ಅದಕ್ಕೂ ಒಪ್ಪಲಿಲ್ಲ. ಬದಲಿಗೆ ಒಳಗೆ ಹೋಗಿ, ಅಂಚು ಬಿಚ್ಚಿದ, ಹೊಟ್ಟೆಗೆ ತೂತಿರುವ ಆ ನೀಲಿ ಟೀ-ಶರ್ಟನ್ನೇ ತೊಟ್ಟುಕೊಂಡು ನಮ್ಮನ್ನು ಕಳಿಸಲು ಅಂಗಳಕ್ಕೆ ಬಂದರು. ತೂತಿನಿಂದ ಬನಿಯನ್ ಇಣುಕುತ್ತಿತ್ತು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಅದಕ್ಕೂ ಧೈರ್ಯ ಬರಲಿಲ್ಲ.

ಬಿಸಿಲಿಗೆ ನಿಂತಿದ್ದ ನನ್ನ ಗಾಡಿಯ ಸೀಟಿನ ಮೇಲೆ ಕರಿಮಣ್ಣಿನ ಧೂಳು ಕೂತಿತ್ತು. ಮುಖ ಎತ್ತಿ ಅವರನ್ನು ನೋಡಲಾರದೆ, ಗಾಡಿಯ ಪೆಟ್ಟಿಗೆಯಿಂದ ಒರೆಸುವ ಬಟ್ಟೆ ತೆಗೆದು ಸೀಟನ್ನು ಅತಿ ಶ್ರದ್ಧೆಯಿಂದ ಒರೆಸತೊಡಗಿದೆ. ಸುವರ್ಣಾ ನನ್ನ ತೋಳನ್ನು ಚರ್ಮ ಕಿತ್ತುಬರುವ ಹಾಗೆ ಚಿವುಟಿದಳು.

"ಒಳಗ ಇಡ್ರಿ ಅದನ್ನ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಯಾಕ?"

"ಅವರು ಅಂಗಡಿ ಪೂಜಿ ಮಾಡಿದಾಗ ನಿಮಗ ಆಯೇರ ಮಾಡಿದ ಟೀ-ಶರ್ಟ್ ಅದು!"

ಕೈಯಲ್ಲಿದ್ದುದನ್ನು ಬಿಡಿಸಿ ನೋಡಿದೆ. ಎಣ್ಣೆಯ ಜಿಡ್ಡಿನ ನಡುವೆ ಒಂದು ತೋಳಿತ್ತು, ಅರ್ಧ ಕಾಲರಿತ್ತು, ಮೂಲದಲ್ಲಿ ಕೇಸರಿ ಇದ್ದಿರಬೇಕು. ಬೆನ್ನ ಹಿಂದೆ ಬಚ್ಚಿಡಲು ಹೋದೆ, ಆದರೆ ಈರಪ್ಪಣ್ಣ ಆಗಲೇ ಹತ್ತಿರ ಬಂದು, ಅದನ್ನು ಕೈಯಿಂದ ಮುಟ್ಟಿ, ಗುರುತು ಹಿಡಿದು, ಮುಖ ಅರಳಿಸಿದ್ದರು.

"ಮಾಸ್ತರ, ಇದೂ ಭಾಳ ಛಲೋ ಬಾಳಕಿ ಬಂತ ನೋಡ್ರಿ!"

ವ್ಯಂಗ್ಯವಾಗಿ ಹೇಳಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಮನಸಾರೆ ಹೇಳಿದರು!